ಒರೆಲಿಯಾಳ ಹೆಣಗಳು ಏಳಲಿಲ್ಲ

ನಮ್ಮ ಜಾಕ್ಮೆಲ್ ಊರಿನ ರೇಡಿಯೊದಲ್ಲಿ ಭಾನುವಾರ ಬೆಳಿಗ್ಗೆ ಸಿನಿಮಾಗಳನ್ನು ಬೈಯುವ ಕೆಲಸ ನನ್ನದು. ಹೊಗಳುವುದೂ ಆ ಕೆಲಸದೊಳಗೇ ಬರುತ್ತದಂತೆ, ಆದರೆ ನನಗೆ ಅದರ ಅಭ್ಯಾಸ ಕಡಿಮೆ. ಇಂಥ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ ಸಿನಿಮಾ ಒಂದೇ ಒಂದು. ಅದನ್ನು ಮಾಡಿದವಳು ನನ್ನ ಎದುರುಮನೆಯ ಒರೆಲಿಯಾ. ಸಿನಿಮಾದವಳಲ್ಲ, ಬಟ್ಟೆ ಹೊಲಿಯುವವಳು.

ಅದೂ ಹೆಣದ ಬಟ್ಟೆ. ಬದುಕಿದ್ದಷ್ಟು ದಿನ ಹರಕು ಅಂಗಿಯಲ್ಲಿ ಅಲೆದವನೂ ಒರೆಲಿಯಾಳ ಕೈಗೆ ಬಂದರೆ ಮದುಮಗನ ಹಾಗೆ ಪೆಟ್ಟಿಗೆಯಲ್ಲಿ ಮಲಗುತ್ತಿದ್ದ. ಬಟ್ಟೆ ತೊಡಿಸಿದ ಮೇಲೆ ಕಣ್ಣು ಮುರಿದ ಒಂದು ಸೂಜಿ, ಒಂದು ತುಂಡು ದಾರ ಜೇಬಿಗೆ ಹಾಕಿ ಕಳಿಸುವಳು. ಬೊಕೊ ಅನ್ನುವ ಮಂತ್ರವಾದಿ ಸಮಾಧಿಯ ಹತ್ತಿರ ಬಂದು, ಹೆಸರು ಹಿಡಿದು ಕರೆದು, ಸತ್ತವನನ್ನು ಜೋಂಬಿ ಮಾಡಿ ಹೊಲದ ಕೆಲಸಕ್ಕೆ ಅಟ್ಟುವುದು ಉಂಟಲ್ಲ. ಸತ್ತವನು ಇಲ್ಲದ ಕಣ್ಣಿಗೆ ದಾರ ಪೋಣಿಸುತ್ತ ಕೂತಿದ್ದರೆ ಕರೆದದ್ದು ಕಿವಿಗೇ ಬೀಳುವುದಿಲ್ಲ. ಓಗೊಡದವನನ್ನು ಯಾವ ಬೊಕೊನೂ ಎಬ್ಬಿಸಲಾರ.

ಅವಳ ತಮ್ಮ ಅನ್ಸೆಲ್ಮ್ ಗಡಿಯಾಚೆ ಕಬ್ಬು ಕಡಿಯಲು ಹೋದವನು ಜ್ವರ ಬಂದು ಅಲ್ಲೇ ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿದರು, ಹೆಣ ಊರಿಗೆ ಬರಲಿಲ್ಲ. ಅದೇ ಸಮಯಕ್ಕೆ ಒರೆಲಿಯಾಗೆ ಚೀಟಿ ಎದ್ದು ಹೊಸ ಹೊಲಿಗೆ ಮೆಷಿನ್ ಬಂತು. ಮೂಲೆಮನೆಯ ಮುದುಕಿ ಮದಾನ್ ಎರ್ಮಿತ್‌ಗೆ ಇಷ್ಟು ಸಾಕಾಯಿತು.

"ಹೆಣ ಎಲ್ರೇ?" ಅಂದಳು ನಲ್ಲಿಯ ಹತ್ತಿರ, ಎಲ್ಲರಿಗೂ ಕೇಳುವ ಹಾಗೆ. "ಇದ್ರೆ ತಾನೆ ತೋರ್ಸೋದು. ತಮ್ಮನ್ನ ಬೊಕೊಗೆ ಮಾರಿದ್ಲು, ಮೆಷಿನ್ ತಂದ್ಲು. ಪಾಪದ ಹುಡ್ಗ, ಈಗ್ಲೂ ಎಲ್ಲೋ ಕಬ್ಬು ಕಡೀತಿರ್ತಾನೆ."

ಜನರ ಬಾಯಿಗೆ ಬೀಗ ಹಾಕಲಾದೀತೆ? ಮಕ್ಕಳ ಸ್ಕೂಲು ಬಟ್ಟೆ ಅವಳ ಬಾಗಿಲಿಗೆ ಬರುತ್ತಲೇ ಇತ್ತು, ಹೆಣದ ಬಟ್ಟೆ ನಿಂತೇಹೋಯಿತು. ತಮ್ಮನನ್ನೇ ಮಾರಿದವಳ ಕೈಗೆ ತಂತಮ್ಮ ಮನೆಯ ಹೆಣ ಯಾರು ಕೊಡುತ್ತಾರೆ? ತಾಯಿ ಸತ್ತ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಸಾಕಿದ ಹುಡುಗ ಅವನು. ಸ್ವಾತಂತ್ರ್ಯದ ದಿನ, ಜನವರಿ ಒಂದರಂದು ಬೀದಿಯವರೆಲ್ಲ ಕುಂಬಳಕಾಯಿ ಸಾರು ಹಂಚಿಕೊಂಡರೆ ಅವಳ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸು ಬರುತ್ತಿತ್ತು.

"ಬೇರೆ ಊರಿಗೆ ಹೋಗ್ಬಿಡು ಮಾರಾಯ್ತಿ," ಅಂದೆ ಒಂದು ದಿನ.

"ನಾನ್ಯಾಕೆ ಹೋಗ್ಲಿ? ನಾನು ಅವನನ್ನ ಮಾರಿಲ್ಲ ಅಂತ ಈ ಬೀದೀಲೇ ಹೇಳ್ಬೇಕು. ಬಾಯಲ್ಲಿ ಹೇಳಿದ್ರೆ ಒಬ್ರೂ ಕೇಳಲ್ಲ. ಸಿನಿಮಾ ಮಾಡಿದ್ರೆ, ಪುಕ್ಕಟೆ ಅಂತ ಎಲ್ರೂ ಬರ್ತಾರೆ."

ನಾನು ನಕ್ಕೆ. ಅವಳು ನಗಲಿಲ್ಲ. ಮದುವೆ, ಶವಸಂಸ್ಕಾರಗಳ ವಿಡಿಯೊ ತೆಗೆಯುವ ವಿಲ್ನೆರ್‌ನನ್ನು ಹಿಡಿದಳು. ಕಥೆ ಸಣ್ಣದು. ಒಬ್ಬ ಬೊಕೊ ಅನ್ಸೆಲ್ಮ್ ಅನ್ನುವವನನ್ನು ಸಮಾಧಿಯಿಂದ ಎಬ್ಬಿಸಿ ಗದ್ದೆಗೆ ಹಚ್ಚುತ್ತಾನೆ, ಅಕ್ಕ ಹುಡುಕಿಕೊಂಡು ಹೋಗಿ ನಾಲಗೆಗೆ ಮಾಟ ಮುರಿಯುವ ಉಪ್ಪು ಮುಟ್ಟಿಸಿ ಬಿಡಿಸಿ ತರುತ್ತಾಳೆ. ಅವಳ ಮನೆಯ ಸಾರು ಮುಟ್ಟದವರು ಕ್ಯಾಮೆರಾ ಅಂದಕೂಡಲೇ ಮುಖಕ್ಕೆ ಹಿಟ್ಟು ಬಳಿದುಕೊಂಡು ಜೋಂಬಿಗಳಾಗಲು ಓಡಿಬಂದರು. ಊಟ ಮಾತ್ರ ತಂತಮ್ಮ ಮನೆಯಿಂದ ಕಟ್ಟಿಕೊಂಡು ಬಂದರು.

ಸ್ಮಶಾನದಲ್ಲಿ ಮಲಗುವ ದಿನ ಎಲ್ಲರದೂ ಒಂದೇ ಹಟ. ಆಟಕ್ಕಾದರೂ ಸತ್ತ ಹಾಗೆ ಮಲಗುವವರಿಗೆ ಸೂಜಿ ಬೇಡವೆ? ಒರೆಲಿಯಾ ಒಂದೊಂದರ ಕಣ್ಣು ಮುರಿದು ಒಬ್ಬೊಬ್ಬರ ಜೇಬಿಗೂ ಹಾಕಿದಳು. ಬೊಕೊನ ಪಾತ್ರ ಲಾಟರಿ ಅಂಗಡಿಯ ದ್ಯುಫೋರ್‌ದು. ಗಂಟಲು ದೊಡ್ಡದು, ನೆನಪು ಸಣ್ಣದು. ಬರೆದುಕೊಟ್ಟಿದ್ದ ಪಾತ್ರಗಳ ಹೆಸರುಗಳೆಲ್ಲ ಅವನಿಗೆ ಮರೆತುಹೋದವು. ಎದುರಿಗೆ ಮಲಗಿದ್ದವರ ಮುಖ ನೋಡಿ, ಅವರವರ ನಿಜವಾದ ಹೆಸರನ್ನೇ ಕೂಗಿಬಿಟ್ಟ.

"ಲೆಯೋನಿ, ಏಳು."

ಮೀನು ಮಾರುವ ಲೆಯೋನಿ ಏಳಲಿಲ್ಲ. ಬೊಕೊ ಕರೆದ ಸ್ವಂತ ಹೆಸರಿಗೆ ಓಗೊಟ್ಟು ಬುದ್ಧಿ ಇದ್ದವರು ಯಾರು ಏಳುತ್ತಾರೆ? ಇನ್ನೊಬ್ಬನನ್ನು ಕರೆದ, ಅವನು ಕಣ್ಣು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡ. ಒಬ್ಬೊಬ್ಬರನ್ನೂ ಕರೆದು, ಕಿರುಚಿ, ಕೊನೆಗೆ ಬೇಡಿಕೊಂಡ. "ಏಳ್ರಯ್ಯಾ, ಬಿಸ್ಲು ನೆತ್ತಿ ಸುಡ್ತಿದೆ." ಹುಲ್ಲುಕಡ್ಡಿಯೂ ಅಲುಗಲಿಲ್ಲ. ಆಗ ಅವನಿಗೆ ಬರೆದುಕೊಟ್ಟಿದ್ದ ಒಂದು ಹೆಸರು ನೆನಪಾಯಿತು. "ಅನ್ಸೆಲ್ಮ್," ಅಂದ, "ನೀನಾದ್ರೂ ಏಳೋ."

ಅನ್ಸೆಲ್ಮ್ ಆಗಿ ಮಲಗಿದ್ದವನು ದೋಣಿಯ ಸೆಫೆರೆನ್. ಅದು ಅವನ ಹೆಸರಲ್ಲ, ಏಳಲು ಭಯವಿರಲಿಲ್ಲ. ಆದರೂ ಮಲಗಿಯೇ ಇದ್ದ. ಮುಚ್ಚಿದ ಕಣ್ಣಿಂದ ನೀರು ಇಳಿದು ಹಿಟ್ಟಿನ ಮೇಲೆ ಗೆರೆ ಬಿತ್ತು. ದ್ಯುಫೋರ್ ಕೋಲು ಬಿಸಾಡಿ ಸಮಾಧಿಕಲ್ಲಿನ ಮೇಲೆ ಕುಕ್ಕರಿಸಿ ಬೆವರು ಒರೆಸಿಕೊಂಡ. ಮನೆಯವರು ಸಾಕು ಅನ್ನುವವರೆಗೆ ಕ್ಯಾಮೆರಾ ನಿಲ್ಲಿಸದಿರುವುದು ಶವಸಂಸ್ಕಾರ ತೆಗೆಯುವವನ ರೂಢಿ. ವಿಲ್ನೆರ್ ಎಲ್ಲವನ್ನೂ ತೆಗೆದಿದ್ದ.

"ಯಾಕಪ್ಪಾ ಏಳ್ಲಿಲ್ಲ?" ಅಂತ, ನೋಡಲು ಹೋಗಿದ್ದ ನಾನು ಸೆಫೆರೆನ್‌ನನ್ನು ಗದರಿದೆ.

"ಅವನ ಹೆಸ್ರಿಗೆ ನಾನೆದ್ರೆ ಅವನೇ ಎದ್ದ ಹಾಗಾಗಲ್ವಾ? ಚಿಕ್ಕಂದಿನ ಗೆಳೆಯ ಸ್ವಾಮಿ ಅವನು."

ಇನ್ನೊಮ್ಮೆ ತೆಗೆಯೋಣ ಅಂದೆ. ಒರೆಲಿಯಾ ತಲೆಯಾಡಿಸಿದಳು. "ಬೇಡ. ನಾನು ಬರೆದದ್ದೇ ತಪ್ಪು. ಅವನು ಎದ್ದ ಅಂತ ಬರೆದಿದ್ದೆನಲ್ಲ, ಆ ಮುದುಕಿ ಮಾತನ್ನ ನಾನೇ ನಂಬಿದ ಹಾಗಾಯ್ತಲ್ಲ. ಅವನು ಏಳೋದೇ ಇಲ್ಲ. ಬದುಕಿದ್ದಾಗ ದುಡಿದದ್ದು ಸಾಲದಾ?" ಹೀಗೆ ಕಥೆ ತಿರುಗಿತು. ಈಗ ಗದ್ದೆಯಲ್ಲಿ ಬೇರೆ ಜೋಂಬಿಗಳು ದುಡಿಯುತ್ತಾರೆ, ಬೊಕೊ ಇನ್ನಷ್ಟು ಆಳು ಬೇಕೆಂದು ಸ್ಮಶಾನಕ್ಕೆ ಬರುತ್ತಾನೆ, ಅಲ್ಲಿ ಒಬ್ಬರೂ ಏಳುವುದಿಲ್ಲ. ಅಲ್ಲಿಗೆ ಮುಗಿಯಿತು.

ರೇಡಿಯೊದವನಾಗಿ ಮೊದಲು ತಪ್ಪು ಹೇಳುತ್ತೇನೆ. ನಡು ಭಾಗದಲ್ಲಿ ನಡೆಯುವವರು ನಡೆಯುತ್ತಲೇ ಇರುತ್ತಾರೆ. ಗಂಭೀರ ಮಾತಿನ ನಡುವೆ ಬಾಡಿಗೆ ಬೈಕುಗಳು ಹಾರ್ನ್ ಹೊಡೆಯುತ್ತವೆ. ಒಂದು ಹೆಣದ ಕಾಲಲ್ಲಿ ಗುಲಾಬಿ ಬಣ್ಣದ ಚಪ್ಪಲಿ, ಗದ್ದೆಯಲ್ಲಿ ಕರೆಯದೆ ಬಂದ ಮೇಕೆ. ದ್ಯುಫೋರ್ ಮೊದಲರ್ಧ ಪೂರ್ತಿ ಕಣ್ಣು ಉರುಳಿಸಿಯೇ ಕಳೆಯುತ್ತಾನೆ. ಆದರೆ ಹೊರಗಿನಿಂದ ಬರುವ ಜೋಂಬಿ ಸಿನಿಮಾಗಳಲ್ಲಿ ಕಚ್ಚುವುದು, ರಕ್ತ ಕಾರುವುದು ಬಿಟ್ಟರೆ ಏನಿದೆ? ಇಲ್ಲಿ ಯಾರೂ ಯಾರನ್ನೂ ಕಚ್ಚುವುದಿಲ್ಲ. ಸತ್ತ ಮೇಲೂ ಇನ್ನೊಬ್ಬರಿಗೆ ದುಡಿಯಬೇಕೆಂಬ ಭಯವೇ ಭಯ, ಅದು ಗುಲಾಮರಾಗಿ ದುಡಿದ ನಮ್ಮ ಅಜ್ಜಂದಿರು ಕಂಡ ಭಯ. ಬಗ್ಗಿದ ಬೆನ್ನುಗಳನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. ನೋಡುವವನಿಗೆ ತನ್ನ ಬೆನ್ನೇ ನೋಯುತ್ತದೆ. ಅಷ್ಟು ಯೋಚನೆ ಮಾಡಿದ ಸಿನಿಮಾ ಅದು.

ಜನವರಿ ಒಂದರ ಸಂಜೆ ಬೀದಿಯಲ್ಲೇ ಬಿಳಿ ಬಟ್ಟೆ ಕಟ್ಟಿ ತೋರಿಸಿದಳು. ಮದಾನ್ ಎರ್ಮಿತ್ ಸ್ವಂತ ಕುರ್ಚಿ ತಂದು ಎಲ್ಲರಿಗಿಂತ ಮುಂದೆ ಕೂತಳು. ಒರೆಲಿಯಾ ಗೋಡೆಗೆ ಒರಗಿ ನಿಂತಿದ್ದಳು, ಪರದೆ ನೋಡಲಿಲ್ಲ, ಜನರ ಮುಖ ನೋಡುತ್ತಿದ್ದಳು. ದ್ಯುಫೋರ್ ಮೊದಲ ಹೆಸರು ಕರೆದಾಗ ಬೀದಿ ನಕ್ಕಿತು. ಎರಡನೆಯದಕ್ಕೆ ನಗೆ ಕಡಿಮೆಯಾಯಿತು. ಆಮೇಲೆ ಮಕ್ಕಳೂ ಸುಮ್ಮನಾದರು. "ಅನ್ಸೆಲ್ಮ್, ನೀನಾದ್ರೂ ಏಳೋ," ಅಂದ ಪರದೆಯ ಮೇಲಿನ ಬೊಕೊ.

"ಏಳ್ಬೇಡ ಮಗಾ," ಅಂತು ಮುಂದಿನ ಕುರ್ಚಿಯಿಂದ ಒಂದು ಮೆಲುದನಿ.

ಪಕ್ಕದವಳೂ ಅದನ್ನೇ ಅಂದಳು, ಅವಳ ಹಿಂದಿನವನೂ ಅಂದ. ನೋಡುತ್ತಿದ್ದ ಹಾಗೆ ಇಡೀ ಬೀದಿ ಏಳ್ಬೇಡ, ಏಳ್ಬೇಡ ಅನ್ನತೊಡಗಿತು. ಅವನು ಏಳಲಿಲ್ಲ. ಬೊಕೊ ಕೋಲು ಬಿಸಾಡಿದಾಗ ಎದ್ದ ಕೇಕೆಗೆ ಮೇಲಿನ ಬೀದಿಯವರೂ ಓಡಿಬಂದರು. ನಾನು ಎದ್ದು ನಿಂತು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ, ಅಳುತ್ತಲೂ ಇದ್ದೆ.

ಮದಾನ್ ಎರ್ಮಿತ್ ಕುರ್ಚಿ ಎತ್ತಿಕೊಂಡು ಸೀದಾ ಒರೆಲಿಯಾಳ ಮುಂದೆ ಬಂದು ನಿಂತಳು. ಬೀದಿ ಕಿವಿಗೊಟ್ಟಿತು.

"ನಡಿಗೆ ಜಾಸ್ತಿ ಆಯ್ತು," ಅಂದಳು. "ಆ ಮೇಕೆ ಯಾಕೆ ಬಂತು?"

"ನಿಮ್ದೇ ಮೇಕೆ, ಮದಾನ್."

ಮುದುಕಿ ಕುರ್ಚಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನನ್ನ ಕೊನೇ ಬಟ್ಟೆ ನೀನೇ ಹೊಲೀಬೇಕು," ಅಂದಳು ಆಮೇಲೆ, ನಲ್ಲಿಯ ಹತ್ತಿರ ಮಾತಾಡುವಷ್ಟೇ ಗಟ್ಟಿಯಾಗಿ. "ಬಿಳೀದು, ತೋಳು ಉದ್ದ ಇರ್ಲಿ. ನಾಳೆ ಬರ್ತೀನಿ, ಅಳತೆ ತಗೋ."

"ನಾಳೆ ಯಾಕೆ?" ಅಂದಳು ಒರೆಲಿಯಾ, ಕೊರಳಿಂದ ಟೇಪು ತೆಗೆಯುತ್ತ.

ಮದಾನ್ ಎರ್ಮಿತ್ ಕುರ್ಚಿ ಕೆಳಗಿಟ್ಟು, ಇಡೀ ಬೀದಿಯ ಎದುರು ಎರಡೂ ತೋಳು ಚಾಚಿ ನಿಂತಳು.