ಕುರಿಮರಿ ಪಾಸು ಮಾಡಿದ ಟ್ಯಾಬ್

ಕುರಿ ಸಾಕುವವರ ದಿನಬಳಕೆಗೆ ಕಡಿಮೆ ಬೆಲೆಯ ಟ್ಯಾಬ್ ಆಗಿಬರುತ್ತದೋ ಇಲ್ಲವೋ, ನೋಡಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಕಲ್ಯ ಅನ್ನುವ ಊರಿನಲ್ಲಿ ಕುರಿ ಸಾಕಿದ್ದ ಸಿದ್ದಪ್ಪನವರ ಕೈಗೆ ಒಂದನ್ನು ಕೊಟ್ಟು, "ಈ ಚಿತ್ರ ಮುಟ್ಟಿ, ವಿಡಿಯೊ ಬರುತ್ತೆ" ಅಂದೆ.

ಅವರು ಮುಟ್ಟಿದರು, ಉಜ್ಜಿದರು, ಕೊನೆಗೆ ಕದ ತಟ್ಟಿದ ಹಾಗೆ ತಟ್ಟಿದರು. ಮಚ್ಚು ಹಿಡಿದು ಸೊಪ್ಪು ಕಡಿದು ಜಡ್ಡುಗಟ್ಟಿದ ಆ ಬೆರಳು ಟ್ಯಾಬಿಗೆ ಗೊತ್ತೇ ಆಗಲಿಲ್ಲ. "ಇನ್ನೂ ಒಸಿ ಮೆತ್ತಗೆ" ಅಂತ ನಾನು ಅನ್ನುವಷ್ಟರಲ್ಲಿ ಅವರ ತೊಡೆ ಮೇಲಿದ್ದ ಕುರಿಮರಿ ಒದ್ದೆ ಮೂತಿಯನ್ನು ಪರದೆಗೆ ತಾಗಿಸಿತು. ವಿಡಿಯೊ ಶುರುವಾಯಿತು.

ಸಿದ್ದಪ್ಪ ಟ್ಯಾಬನ್ನು ಮರಿಯ ಮುಂದಕ್ಕೇ ಸರಿಸಿದರು. "ನಂಗ್ಯಾಕೆ ಸಾರ್, ಇದಕ್ಕೇ ಕೊಟ್ಟೋಗಿ. ನೋಡ್ಕಂಡು ನಂಗೆ ಯೋಳ್ತದೆ."

ನನ್ನ ಫಾರಂನಲ್ಲಿ 'ಯಾರ ಸಹಾಯವೂ ಇಲ್ಲದೆ ಬಳಸಿದವರ ವಯಸ್ಸು' ಅಂತ ಒಂದು ಕಾಲಂ ಇತ್ತು. ಸಿದ್ದಪ್ಪನವರನ್ನು ಕೇಳಿ, ಇಪ್ಪತ್ತು ದಿನ ಅಂತ ಬರೆದೆ. ಆಫೀಸಿನಲ್ಲಿ ಇವತ್ತಿನವರೆಗೂ ಯಾರೂ ಅದೇನು ಅಂತ ಕೇಳಿಲ್ಲ.