ಟೀಚರ್ ಸೇರಿಸಿದ ಸಾಲು

ತಪ್ಪನ್ನು ತಿದ್ದುವುದೆಂದರೆ ಸ್ಟೆಲ್ಲಾ ಟೀಚರ್‌ಗೆ ಆಗದು. ಒಂದಕ್ಷರ ತಪ್ಪಿದರೂ ಹಾಳೆ ಎಳೆದುಹಾಕಿ ಮೊದಲಿನಿಂದ ಹೊಡೆಸುತ್ತಿದ್ದರು. ಬೆಂಗಳೂರಿನ ಕುಕ್ ಟೌನ್‌ನ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಟೈಪಿಂಗ್ ಕಲಿತದ್ದು ಹಾಗೆ. "ಪರೀಕ್ಷೆಲಿ ರಬ್ಬರ್ ಕೊಡ್ತಾರೇನೋ?" ಎಂದು ಗದರುತ್ತಿದ್ದರು. ಒಳಗಿನಿಂದ ಅವರ ಗಂಡ ರಾಯಪ್ಪ ಅಂಕಲ್, "ಟೀಚರ್, ಮಕ್ಕಳನ್ನ ಬಿಟ್ಟು ಕಾಫಿ ಕೊಡಿ!" ಎಂದು ಕೂಗುತ್ತಿದ್ದರು. ಹೆಂಡತಿಯನ್ನು ಅವರು ಕರೆಯುತ್ತಿದ್ದುದೇ ಟೀಚರ್ ಎಂದು.

ನಾನು ಕಾಲೇಜಿಗೆ ಬರುವಷ್ಟರಲ್ಲಿ ಟೈಪಿಂಗ್ ಕಲಿಯುವವರೇ ಇರಲಿಲ್ಲ. ಅಂಕಲ್‌ಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು, ಎಡಗೈ ಮಾತ್ರ ಆಡುತ್ತಿತ್ತು. ಅವರು ಏನೋ ಕೇಳುವುದು, ಟೀಚರ್‌ಗೆ ತಿಳಿಯದೆ ಇಬ್ಬರೂ ಕಣ್ಣು ತುಂಬಿಕೊಳ್ಳುವುದು, ನನಗಂತೂ ನೋಡಲಾಗುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಕ್ಕೆ ನಾನೇ ಪ್ರೋಗ್ರಾಂ ಬರೆಯುವ ಹುಚ್ಚು ನನಗಾಗ. ಪರದೆಯ ಮೇಲೆ ನನ್ನ ಹೆಸರು ಬರಿಸಿ ತೋರಿಸಿದೆ.

"ಇದ್ರಲ್ಲಿ 'ನೀರು' ಅಂತ ಬರುತ್ತಾ? ಅವರು ಒತ್ತಿದ್ರೆ ಬರಬೇಕು," ಎಂದರು ಟೀಚರ್.

"ನಾನು ಮಾಡ್ಕೊಡ್ತೀನಿ ಟೀಚರ್."

"ಬೇಡ, ಹೇಳ್ಕೊಡು. ನಾಳೆ ಅವರಿಗೆ ಇನ್ನೊಂದು ಮಾತು ಬೇಕಾದ್ರೆ ನಿನ್ನ ಎಲ್ಲಿ ಹುಡುಕ್ಲಿ?"

ನನ್ನ ಹಳೆಯ ಕಂಪ್ಯೂಟರ್ ತಂದಿಟ್ಟೆ. ಅದರಲ್ಲಿ ಬರೆದು, ಮೆಮೊರಿ ಕಾರ್ಡಿಗೆ ಹಾಕಿ, ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಬೇಕು. ಎಲ್ಲೋ ಒಂದು ಚಿಹ್ನೆ ಬಿಟ್ಟಿರುತ್ತಿತ್ತು, ಓಡುತ್ತಿರಲಿಲ್ಲ. ಟೀಚರ್ ಎಲ್ಲವನ್ನೂ ಅಳಿಸಿ ಮೊದಲ ಸಾಲಿನಿಂದ ಹೊಡೆಯುತ್ತಿದ್ದರು. "ಅದೊಂದನ್ನ ಹಾಕಿದ್ರೆ ಸಾಕಲ್ವಾ!" ಎಂದು ತಲೆ ಚಚ್ಚಿಕೊಂಡರೆ, "ತೇಪೆ ಹಾಕಿದ್ದನ್ನ ಅವರ ಕೈಗೆ ಕೊಡಲ್ಲ," ಎನ್ನುತ್ತಿದ್ದರು.

ಕೊನೆಗೂ ಓಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದರ ಕೆಳಗೊಂದು: ನೀರು, ಊಟ, ನೋವು, ಫ್ಯಾನ್. ಅಂಕಲ್ ಗುಂಡಿ ಒತ್ತುತ್ತಾ ಕೆಳಗಿಳಿದರು, ಮೇಲೆ ಬಂದರು, ಮತ್ತೆ ಇಳಿದರು. ಎಲ್ಲೂ ನಿಲ್ಲಲಿಲ್ಲ. ಯಂತ್ರವನ್ನು ಹೆಂಡತಿಯತ್ತ ಚಾಚಿ ಅವರನ್ನೇ ನೋಡಿದರು. ಗುಂಡಿ ಕೆಟ್ಟಿದೆ ಎಂದುಕೊಂಡೆ ನಾನು. ಟೀಚರ್ ಹೋಗಿ ಕಂಪ್ಯೂಟರ್ ಮುಂದೆ ಕೂತರು. ಅಂದು ಮಾತ್ರ ಏನನ್ನೂ ಅಳಿಸಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದರು: ಟೀಚರ್.

ಅಂಕಲ್ ಒತ್ತಿದರು. "ಬಂದೆ ರೀ," ಎಂದರು ಟೀಚರ್, ಎದುರಿಗೇ ನಿಂತಿದ್ದರೂ.

ಅಂಕಲ್ ತೀರಿಕೊಂಡ ಮೇಲೆ ಒಮ್ಮೆ ಹೋಗಿದ್ದೆ. ನಾನು ಟೀಚರನ್ನು ಕಂಡದ್ದು ಅದೇ ಕೊನೆ. ಯಂತ್ರದಿಂದ ನೀರು, ಊಟ, ನೋವು ಎಲ್ಲವನ್ನೂ ತೆಗೆದುಹಾಕಿ ಮೇಲಿನ ಒಂದೇ ಸಾಲು ಉಳಿಸಿಕೊಂಡಿದ್ದರು. ಯಂತ್ರವನ್ನು ನನ್ನ ಕೈಗಿಟ್ಟು, "ಒಂದ್ಸಲ ಒತ್ತೋ," ಎಂದರು.

ಒತ್ತಿದೆ.

"ಬಂದೆ ರೀ," ಎಂದರು ಮೆಲ್ಲಗೆ.