ಬಂಡೆಪ್ಪನ ಮನಿಗಾಡಿ ಕುದಿಯಿತು

ಗಾಡಿ ಮತ್ತೆ ಕುದಿಯಿತು. ಅಮೀನಗಡ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬಂಡೆಪ್ಪ ಗಾಡಿಯನ್ನು ಬದಿಗೆ ಹಾಕಿ, ಸ್ಟೇರಿಂಗಿಗೆ ಹಣೆ ಹಚ್ಚಿ ಕುಳಿತ. ಬೈಯಲಿಕ್ಕೂ ಹೊಸ ಬೈಗುಳ ಉಳಿದಿರಲಿಲ್ಲ. ನಾಲ್ಕು ತಿಂಗಳಲ್ಲಿ ಇದ್ದವನ್ನೆಲ್ಲ ಬೈದು ಮುಗಿಸಿದ್ದ.

ಇಳಕಲ್ಲಿನ ಖಣಿಗಳಿಂದ ಇಪ್ಪತ್ತೆರಡು ವರ್ಷ ಗ್ರಾನೈಟ್ ಲಾರಿ ಹೊಡೆದ ಮನುಷ್ಯ ಈತ. ಅಷ್ಟು ಭಾರ ಹೇರಿಕೊಂಡು ತಿರುಗಿದರೂ ಒಂದೇ ಒಂದು ಇಂಜಿನ್ ಸುಟ್ಟವನಲ್ಲ. ಈಗ ನೋಡಿದರೆ ಒಂದು ಹಳೆಯ ಮಿನಿಬಸ್ಸು ಅವನ ಮಾನ ಹರಾಜು ಹಾಕುತ್ತಿತ್ತು.

ಅವರದು ಬಾದಾಮಿ ಕಡೆಯ ಊರು, ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಬಂಡೆಪ್ಪ ಲಾರಿ ಹೊಡೆಯುತ್ತ ಹೋದರೆ ಹಿಂಡಿನ ಜೊತೆ ಊರೂರು ನಡೆದವಳು ಹೆಂಡತಿ ರಂಗವ್ವ. ಹೋದ ವರ್ಷ ಆಕೆಯ ಎರಡೂ ಮೊಣಕಾಲು ಕೈಕೊಟ್ಟವು. ಬಾಗಲಕೋಟೆಯ ಡಾಕ್ಟರು ಇನ್ನು ನಡಿಗೆ ಬೇಡವೆಂದರು. ಮಗ ಬೀರಲಿಂಗ ಹಿಂಡು ಹೊಡೆದುಕೊಂಡು ಹೋದ ದಿನ ಆಕೆ ಬಾಗಿಲಲ್ಲಿ ಕುಳಿತವಳು ಊಟಕ್ಕೂ ಏಳಲಿಲ್ಲ. ಅದನ್ನು ನೋಡಲಾರದೆ ಬಂಡೆಪ್ಪ ಲಾರಿ ಬಿಟ್ಟ, ಮಿನಿಬಸ್ಸು ಕೊಂಡ. ಸೀಟು ಕಿತ್ತು ಮಂಚ ಹಾಕಿಸಿದ, ಒಲೆ, ನೀರಿನ ಟಾಕಿ, ಎಳೆ ಮರಿಗಳಿಗೊಂದು ಗೂಡು ಕೂಡಿಸಿದ. ಹಿಂಡಿನ ಜೊತೆ ತಿರುಗುವ ಮನಿಗಾಡಿ ಸಿದ್ಧವಾಯಿತು. ಬೀರಪ್ಪನಿಗೆ ಹರಕೆಯನ್ನೂ ಹೊತ್ತ. “ಆಕೀನ್ನ ಹಿಂಡಿನ ಕೂಡ ತಿರುಗಿಸಪ್ಪಾ, ನಿನ್ನ ಕಂಬಳಿ ನನ್ನ ಗಾಡಿ ಮುಂದ ನಡೀತೈತಿ.” ಅಂದಿನಿಂದ ದಿನಾ ಬೆಳಿಗ್ಗೆ ಬೀರಪ್ಪನ ಅರಿಶಿನ ಭಂಡಾರ ಹಚ್ಚಿ, ಗುಡಿಯಿಂದ ತಂದ ಕರಿಕಂಬಳಿಯನ್ನು ಗಾಡಿಯ ಮೂತಿಗೆ ನಾಲ್ಕು ಗಂಟು ಹಾಕಿ ಬಿಗಿಯುತ್ತಿದ್ದ.

ರೇಡಿಯೇಟರ್ ಬದಲಾಯಿತು. ವಾಟರ್ ಪಂಪು, ಥರ್ಮೋಸ್ಟ್ಯಾಟ್, ಪೈಪು, ಬೆಲ್ಟು ಎಲ್ಲ ಬದಲಾದವು. ಆದರೂ ಹತ್ತು ಕಿಲೋಮೀಟರ್ ಓಡಿದರೆ ಸಾಕು, ಕುದಿ. ಇವತ್ತು ಇಳಕಲ್ಲಿನ ಕಡೆ ಹೋದ ಹಿಂಡನ್ನು ಕೂಡಲು ಹೊರಡುವಾಗ ರಂಗವ್ವ ಬಟ್ಟೆಯ ಗಂಟು ಕಟ್ಟಿಕೊಂಡೇ ಹತ್ತಿದ್ದಳು.

“ಇನ್ನೊಮ್ಮೆ ನಿಂತ್ರ ನಾ ಹುನಗುಂದದಾಗ ತಂಗಿ ಮನಿಗೆ ಇಳೀತೇನಿ. ನನ್ನ ಸಲುವಾಗಿ ನೀವು ರಸ್ತೆದಾಗ ಸಾಯೂದು ಬ್ಯಾಡ.”

ಈಗ ಗಾಡಿ ನಿಂತೇಬಿಟ್ಟಿತ್ತು. ಆಕೆ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಅದೇ ಬಂಡೆಪ್ಪನಿಗೆ ಹೆಚ್ಚು ಉರಿಯಿತು.

ಗಾಡಿ ಆರಿದ ಮೇಲೆ ಹಂಗೂ ಹಿಂಗೂ ಅಮೀನಗಡದ ನಜೀರಸಾಬನ ಗ್ಯಾರೇಜು ಮುಟ್ಟಿದರು. ನಜೀರಸಾಬ ಯಾವಾಗಲೂ ಮಾಡುವ ಹಾಗೆಯೇ ಮೊದಲು ಕೈ ತೊಳೆದ, ಚಪ್ಪಲಿ ಬಿಟ್ಟ, ಕಂಬಳಿ ಬಿಚ್ಚಿ ಮಡಚಿ ಒಳಗಿನ ಮಂಚದ ಮೇಲೆ ಇಟ್ಟ. ದೇವರ ವಸ್ತುವಿಗೆ ಗ್ರೀಸು ತಾಗಬಾರದು. ಮೊದಲು ಗಾಡಿ ರಿಪೇರಿ ಮಾಡಿದ ಬಾಗಲಕೋಟೆಯ ಮೇಸ್ತ್ರಿಗಳೂ ಹಾಗೇ ಮಾಡಿದ್ದರು. ಆಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದ. ಮುಳ್ಳು ತೊಂಬತ್ತಕ್ಕೆ ಅಲುಗದೆ ನಿಂತಿತ್ತು.

“ಇಂಜಿನ್ ತೊಂಬತ್ತಕ್ಕ ಇರಬೇಕ್ರಿ, ಅಷ್ಟs ಐತಿ. ಏನೂ ದೋಷ ಇಲ್ಲ.”

“ಪ್ರತಿ ಸಲ ಇದನ್ನs ಹೇಳ್ತಿ. ನಿನ್ನ ಕೈಯಾಗ ಶಾಣ್ಯಾ, ನನ್ನ ಕೈಯಾಗ ಹುಚ್ಚ ಆಗತೈತೇನು ಇದು?” ಬಂಡೆಪ್ಪ ಕಂಬಳಿ ತಂದು ನಾಲ್ಕು ಗಂಟು ಬಿಗಿದ. “ಇವತ್ತ ನೀನೂ ಹತ್ತು. ಕುದಿಯೂದನ್ನ ನಿನ್ನ ಕಣ್ಣಿಲೆ ನೋಡು.”

ನಜೀರಸಾಬ ಹತ್ತಿದ. ಹುನಗುಂದದ ದಾರಿಯಲ್ಲಿ ಮುಳ್ಳು ತೊಂಬತ್ತೈದಾಯಿತು, ನೂರಾಯಿತು, ನೂರಾ ಐದು ದಾಟಿತು.

“ನಿಂದ್ರಸ್ರಿ. ಇಂಜಿನ್ ಒಮ್ಮೆಲೆ ಬಂದ್ ಮಾಡಬ್ಯಾಡ್ರಿ, ಸ್ವಲ್ಪ ಹಂಗs ಓಡಲಿ,” ಎಂದು ಇಳಿದು ಮುಂದೆ ಹೋದ. ಹೋದವನು ಬರಲೇ ಇಲ್ಲ. ಬಂಡೆಪ್ಪ ಇಳಿದು ನೋಡಿದರೆ ಆತ ತಲೆ ಕೆಳಗೆ ಹಾಕಿ ನಿಂತಿದ್ದ.

“ಏನಾತು?”

“ಇದು ನಾ ಹೇಳೂ ಮಾತಲ್ಲರಿ, ಬಂಡೆಪ್ಪಣ್ಣ. ನೀವs ನೋಡ್ರಿ.”

ಬಂಡೆಪ್ಪ ನೋಡಿದ. ಒಳಗಿನ ಫ್ಯಾನು ಎಳೆದ ಎಳೆತಕ್ಕೆ ಕಂಬಳಿ ಗಾಡಿಯ ಮೂತಿಯ ಜಾಲರಿಗೆ ಅಂಟಿಕೊಂಡಿತ್ತು. ರೇಡಿಯೇಟರಿಗೆ ಬೀಸುವ ಗಾಳಿಯಷ್ಟನ್ನೂ ಅದು ತಡೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನಾಲ್ಕು ತಿಂಗಳು ಅವನು ಮಾಡಿದ್ದೂ ಅದನ್ನೇ. ಲಾರಿಯ ಮುಂದೆ ಯಾವನಾದರೂ ತಾಡಪತ್ರಿ ಕಟ್ಟಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದವನು ತಾನೇ ದಿನಾ ಕೈಮುಗಿದು ಗಂಟು ಹಾಕಿದ್ದ.

ಗಂಟಿಗೆ ಕೈ ಹೋಯಿತು, ಅಲ್ಲೇ ನಿಂತಿತು. ಬಿಚ್ಚಿದರೆ ಹರಕೆ ತಪ್ಪುತ್ತದೆ, ಬಿಚ್ಚದಿದ್ದರೆ ಗಾಡಿ ನಡೆಯುವುದಿಲ್ಲ. ಸಿಟ್ಟು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಟೈರಿಗೆ ಒದ್ದ.

ರಂಗವ್ವ ಬಾಗಿಲು ಹಿಡಿದು ನೋವು ನುಂಗುತ್ತ ಇಳಿದು ಬಂದಳು. ಎಲ್ಲ ಕೇಳಿದಳು.

“ಮೂವತ್ತ ವರ್ಷ ಕುರಿ ಕಾಯ್ದೇನ್ರಿ ನಾ. ಹಿಂಡ ಕಾಯಾವ ಹಿಂದ ಇರತಾನ. ಹಿಂದ ಇದ್ರs ತ್ವಾಳ ಕಾಣತೈತಿ, ಕುಂಟೂ ಮರಿ ಕಾಣತೈತಿ. ನೀವು ಲಾರಿಯವರು, ದೇವರನ್ನೂ ಗಾಡಿ ಗಾಜಿನ ಮುಂದ ಕುಂಡರಿಸಾವ್ರು. ಬೀರಪ್ಪ ಕುರಿ ಕಾಯ್ದ ದೇವರು. ಅವನ್ನ ಹಿಂದ ಬಿಡ್ರಿ.”

ಬಂಡೆಪ್ಪ ಒಂದೊಂದೇ ಗಂಟು ಬಿಚ್ಚಿದ. ಗಾಡಿಯ ಹಿಂದಿನ ಏಣಿಗೆ ಕಂಬಳಿ ಕಟ್ಟಿ ಮತ್ತೆ ಭಂಡಾರ ಹಚ್ಚಿದ. “ನಿನಗ ಭಾಳ ಅಂದೆ, ಮನಸಿನ್ಯಾಗ ಇಟಗೋಬ್ಯಾಡ,” ಎಂದು ನಜೀರಸಾಬನಿಗೆ ಹೇಳಿ ಅವನನ್ನು ಅಮೀನಗಡದ ಬಸ್ಸು ಹತ್ತಿಸಿದ.

ಮುಳ್ಳು ತೊಂಬತ್ತಕ್ಕೆ ನಿಂತಿತ್ತು. ಬಂಡೆಪ್ಪನಿಗೆ ತನ್ನ ಮೇಲಿನ ಸಿಟ್ಟು ಮಾತ್ರ ಆರಿರಲಿಲ್ಲ. ಇಷ್ಟು ಸಣ್ಣದಕ್ಕೆ ನಾಲ್ಕು ತಿಂಗಳು ಆಕೆಯನ್ನು ಗೋಳಾಡಿಸಿದೆನಲ್ಲ ಎಂದು ಹಲ್ಲು ಕಡಿಯುತ್ತಲೇ ಓಡಿಸಿದ. ಹುನಗುಂದದಲ್ಲಿ ತಂಗಿಯ ಮನೆಯ ಕಡೆ ತಿರುಗುವಲ್ಲಿ ವೇಗ ತಗ್ಗಿಸಿದ. ಆಕೆ ಇಳಿಯುತ್ತೇನೆಂದರೆ ನಿಲ್ಲಿಸಬೇಕಲ್ಲ ಎಂದು ಬ್ರೇಕಿನ ಮೇಲೆ ಕಾಲಿಟ್ಟ.

ರಂಗವ್ವ ತೊಡೆಯ ಮೇಲಿನ ಗಂಟನ್ನು ಕಾಲ ಕೆಳಗೆ ಸರಿಸಿದಳು.

“ಯಾಕ ನಿಂದ್ರಸ್ತೀರಿ? ಹಿಂಡು ಇಳಕಲ್ ಮುಟ್ಟಿರತೈತಿ. ನಡೀರಿ.”